ಗೇರು ಯಾರ ಕೈಯಲ್ಲಿರಬೇಕು?

ಗೇರು ಎಂದೊಡನೆ ನಮ್ಮ ಕಾಸರಗೋಡಿನ ಮಕ್ಕಳಿಗೆ ಮೊದಲು ನೆನಪಾಗುವುದು ಗುಡ್ಡದ ಮೇಲಣ ಗೇರುಮರ, ಬೇಸಗೆಯ ಗೇರುಹಣ್ಣು, ಸುಟ್ಟ ಗೇರುಬೀಜದ ಕಂಪು. ಮೋಟಾರು ಗಾಡಿಯ ಗೇರಿನ ವಿಚಾರ ಆ ಬಳಿಕ ಬರುವಂಥದು. ವಿಜ್ಞಾನದ ತರಗತಿಯಲ್ಲಿ ಈ ಶಬ್ದವನ್ನು ಉಚ್ಚರಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದ ಸಣ್ಣ ನಗು ಕೇಳಿಬರುವುದು ನನಗೆ ವರ್ಷಗಳಿಂದ ರೂಢಿಯಾಗಿದೆ. ಹೀಗಿರುವಾಗ ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನೊಬ್ಬನು ಸ್ಪೋರ್ಟ್ಸ್ ಕಾರಿನ ಗೇರಿನ ಕುರಿತು ಬರೆಯಹೊರಟರೆ ಓದುಗರಿಗೆ ಸೋಜಿಗವಾದೀತು. ಆದರೆ ಪ್ರಶ್ನೆ ನಮ್ಮ ಮನೆಯೊಳಗೇ ಎದ್ದಿತು. ಎದ್ದ ಪ್ರಶ್ನೆ ಬರಿಯ ಯಂತ್ರದ ಪ್ರಶ್ನೆಯಾಗಿ ಉಳಿಯಲಿಲ್ಲ.

ನನ್ನ ಅಕ್ಕನ ಮಗನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರನಾಗಿದ್ದಾನೆ. ಪೋರ್ಶೆ ಕಾರುಗಳ ತವರೂರು ಅದು. ಅಂಥ ಊರಿನಲ್ಲಿ ನೆಲೆಸಿದ ತರುಣನಿಗೆ ಅಂಥದೊಂದು ಕಾರಿನ ಆಸೆ ಹುಟ್ಟಿದರೆ ಆಶ್ಚರ್ಯವೇನು? ನಿತ್ಯದ ಓಡಾಟಕ್ಕೆ ಮನೆಯಲ್ಲಿ ಸಾಧಾರಣ ಆಟೋಮ್ಯಾಟಿಕ್ ಕಾರೊಂದು ಇದ್ದರೂ, ಗಂಡಹೆಂಡಿರು ಕೆಲವು ವರ್ಷ ಹಣ ಕೂಡಿಟ್ಟು, ಒಬ್ಬರು ಬಳಸಿ ಬಿಟ್ಟ ಪೋರ್ಶೆ 718 ಕೇಮನ್ ಕೊಳ್ಳಲು ನಿಶ್ಚಯಿಸಿದರು. ಎರಡು ಗಾಡಿಗಳು ಅವನ ಕಣ್ಣಿಗೆ ಬಿದ್ದಿದ್ದವು. ಒಂದರಲ್ಲಿ ಕ್ಲಚ್ಚು ತುಳಿದು ಕೈಯಿಂದ ಹಾಕುವ ಆರು ಗೇರುಗಳು. ಮತ್ತೊಂದರಲ್ಲಿ ತಾವಾಗಿಯೇ ಬದಲಾಗುವ ಏಳು ಗೇರುಗಳು. "ಮಾವ, ನನಗೆ ಡ್ರೈವಿಂಗ್ ಕಲಿಸಿದವರು ನೀವು. ಯಾವುದನ್ನು ತೆಗೆದುಕೊಳ್ಳಲಿ?" ಎಂದು ಫೋನಿನಲ್ಲಿ ಕೇಳಿದನು.

ನಮ್ಮ ಅಕ್ಕನಿಗೆ ಈ ಪ್ರಶ್ನೆಯೇ ಹಿಡಿಸಲಿಲ್ಲ. ಅದು ಇಬ್ಬರೇ ಕೂರುವ ಕಾರೆಂದು ತಿಳಿದೊಡನೆ, "ಇಬ್ಬರಿಗೆ ಇಷ್ಟು ಹಣವೇ? ನಾಳೆ ಮಗುವಾದರೆ ಎಲ್ಲಿ ಕೂರಿಸುತ್ತಾರಂತೆ?" ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಆದರೆ ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಸ್ಪೋರ್ಟ್ಸ್ ಕಾರು ತಲೆಕೆಳಗು ಮಾಡಿಬಿಡುತ್ತದೆ. ಅದನ್ನು ಕೊಳ್ಳುವವನು ನೋಟವನ್ನೂ ತನ್ನಿಚ್ಛೆಯಂತೆಯೇ ಕೊಳ್ಳುತ್ತಾನೆ. ಆದುದರಿಂದ ಬೇಕೇ ಬೇಡವೇ ಎಂಬ ಚರ್ಚೆಯನ್ನು ಅಕ್ಕನಿಗೆ ಬಿಟ್ಟು, ನಾನು ಗೇರಿನ ವಿಚಾರವನ್ನಷ್ಟೇ ಕೈಗೆತ್ತಿಕೊಂಡೆನು.

ಅಳಿಯನು ಚಾಲನೆ ಕಲಿತದ್ದು ನನ್ನ ಹಳೆಯ ಮಾರುತಿ 800ರಲ್ಲಿ. ಚೆರ್ಕಳದಿಂದ ಮುಳ್ಳೇರಿಯದ ಮೇಲಾಗಿ ಜಾಲ್ಸೂರಿಗೆ ಹೋಗುವ ರಸ್ತೆಯ ಏರಿಳಿತಗಳಲ್ಲಿ. ನಾನಾದರೋ ಕಲಿತದ್ದು ಪರಿಚಯದ ಕೃಷಿಕರೊಬ್ಬರ ಜೀಪಿನಲ್ಲಿ. ಅದರ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಗಾಡಿ ಓಡುತ್ತಿರುವಾಗ ಮೊದಲ ಗೇರಿಗೆ ಇಳಿಯಬೇಕಾದರೆ ಕ್ಲಚ್ಚು ತುಳಿದು, ಗೇರು ಬಿಡಿಸಿ, ಕ್ಲಚ್ಚು ಬಿಟ್ಟು, ಎಂಜಿನ್ನಿಗೆ ತುಸು ವೇಗ ಕೊಟ್ಟು, ಮತ್ತೆ ಕ್ಲಚ್ಚು ತುಳಿದು ಹಾಕಬೇಕು. ತಪ್ಪಿದರೆ ಹಲ್ಲುಗಳು ಕರಕರನೆ ಕೂಗಿಕೊಳ್ಳುತ್ತಿದ್ದುವು. ಈ ಕಷ್ಟವನ್ನು ನೀಗಿಸಿದ ಸಿಂಕ್ರೋಮೆಶ್ ವ್ಯವಸ್ಥೆಯನ್ನು ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1928ರಲ್ಲಿಯೇ ಅಳವಡಿಸಿದ್ದರು. ಆಗಲೂ 'ಇನ್ನು ಚಾಲಕನಿಗೆ ಕೆಲಸವೇನು?' ಎಂದು ಗೊಣಗಿದವರು ಇದ್ದಿರಬಹುದು. ಇಂದು ಆ ಸೌಕರ್ಯವಿಲ್ಲದ ಕಾರನ್ನು ನಾವು ಯಾರೂ ಬಯಸುವುದಿಲ್ಲ.

ಗೇರು ಏಕೆ ಬೇಕೆಂಬುದನ್ನು ಮಕ್ಕಳಿಗೆ ನಾನು ಹೀಗೆ ಹೇಳುವುದುಂಟು. ಎಂಜಿನ್ನು ನಿಂತಲ್ಲಿಂದ ಭಾರ ಎಳೆಯಲಾರದು. ಮೊದಲು ತಾನು ತಿರುಗುತ್ತಿರಬೇಕು. ತಿರುಗುವಾಗಲೂ ಅದಕ್ಕೆ ಒಂದು ಹದವಿದೆ. ಹದಕ್ಕಿಂತ ನಿಧಾನವಾದರೆ ನಡುಗಿ ನಿಲ್ಲುತ್ತದೆ, ಮೀರಿದರೆ ಕಿರುಚುತ್ತದೆ. ಚಕ್ರಗಳಾದರೋ ಏರಿನಲ್ಲಿ ನಿಧಾನವಾಗಿಯೂ ಸಮತಟ್ಟಿನಲ್ಲಿ ವೇಗವಾಗಿಯೂ ತಿರುಗಬೇಕು. ಈ ಎರಡರ ನಡುವಣ ಸಂಧಾನವೇ ಗೇರು. ಸಂಧಾನದ ಹೊತ್ತಿಗೆ ಎಂಜಿನ್ನನ್ನು ಕ್ಷಣಕಾಲ ಬೇರ್ಪಡಿಸಿ ಮತ್ತೆ ಮೆಲ್ಲನೆ ಕೂಡಿಸುವುದು ಕ್ಲಚ್ಚು. ಪ್ರಶ್ನೆಯಿರುವುದು ಇಷ್ಟೇ: ಈ ಸಂಧಾನವನ್ನು ಮಾಡಬೇಕಾದವನು ಚಾಲಕನೋ ಯಂತ್ರವೋ?

ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಹೊಸದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗಾಗಿ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ತಂದಿತು. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುವಂತೆ, ಅಲ್ಲಿ ಎಣ್ಣೆಯ ಪ್ರವಾಹದ ಮೂಲಕ ಎಂಜಿನ್ನಿನ ಬಲ ಮುಂದೆ ಸಾಗುತ್ತಿತ್ತು. ಕ್ಲಚ್ಚು ತುಳಿಯುವ ಕೆಲಸವೇ ಇರಲಿಲ್ಲ. ಅಂಥ ಗಾಡಿಗಳು ಸುಖಕರ, ಆದರೆ ಮಂದ ಎಂಬ ಹೆಸರು ಬಹುಕಾಲ ಉಳಿಯಿತು. ವೇಗ ಬೇಕಾದವನು ಕೈಗೇರನ್ನೇ ಆರಿಸಬೇಕೆಂಬುದು ಆಗಿನ ನಂಬಿಕೆ.

ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1989ರಲ್ಲಿ. ಬ್ರೆಜಿಲಿನ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ನೈಜೆಲ್ ಮ್ಯಾನ್ಸೆಲ್ ಫೆರಾರಿಯ ಹೊಸ ಕಾರನ್ನು ಓಡಿಸಿ ಗೆದ್ದನು. ಜಾನ್ ಬಾರ್ನಾರ್ಡ್ ರೂಪಿಸಿದ ಆ ಕಾರಿನಲ್ಲಿ ಗೇರು ಬದಲಿಸಲು ಚಾಲಕನು ಸ್ಟಿಯರಿಂಗಿನಿಂದ ಕೈ ತೆಗೆಯಬೇಕಾಗಿರಲಿಲ್ಲ. ಅದರ ಹಿಂಬದಿಯ ಪ್ಯಾಡಲನ್ನು ಬೆರಳಿನಿಂದ ಎಳೆದರೆ ಸಾಕಾಗಿತ್ತು. 1997ರಲ್ಲಿ ಅದೇ ಬಗೆಯ ಪ್ಯಾಡಲ್ ಫೆರಾರಿಯ ಎಫ್355 ಎಂಬ ರಸ್ತೆಯ ಕಾರಿಗೂ ಬಂದಿತು. ಪೋರ್ಶೆಯವರು 1980ರ ದಶಕದಲ್ಲಿ ತಮ್ಮ ಪಂದ್ಯದ ಕಾರುಗಳಲ್ಲಿ ಪರೀಕ್ಷಿಸಿದ್ದ ಪಿ.ಡಿ.ಕೆ. ಎಂಬ ಗೇರುಪೆಟ್ಟಿಗೆಯು 2008ರಲ್ಲಿ ಅವರ 911 ಕಾರಿಗೆ ಬಂದಿತು. ಅದರ ಒಳಗುಟ್ಟು ಸರಳ. ಅಲ್ಲಿ ಎರಡು ಕ್ಲಚ್ಚುಗಳಿವೆ. ಒಂದು ಬೆಸಸಂಖ್ಯೆಯ ಗೇರುಗಳಿಗೆ, ಇನ್ನೊಂದು ಸರಿಸಂಖ್ಯೆಯ ಗೇರುಗಳಿಗೆ. ಗಾಡಿ ಮೂರನೆಯ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾಯುತ್ತಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿದ್ದಂತೆಯೇ ಇನ್ನೊಂದು ಹಿಡಿಯುತ್ತದೆ. ಮನುಷ್ಯನ ಕೈಕಾಲುಗಳು ಎಷ್ಟೇ ಪಳಗಿದ್ದರೂ ಇದಕ್ಕೆ ಸಮನಾಗಲಾರವು.

ಲೆಕ್ಕವೂ ಇದನ್ನೇ ಹೇಳುತ್ತದೆ. 300 ಅಶ್ವಶಕ್ತಿಯ 718 ಕೇಮನ್ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರು ವೇಗ ತಲಪಲು ಕೈಗೇರಿನಲ್ಲಿ 5.1 ಸೆಕೆಂಡು, ಪಿ.ಡಿ.ಕೆ.ಯಲ್ಲಿ 4.9 ಸೆಕೆಂಡು ಬೇಕೆಂದು ಕಂಪೆನಿಯೇ ತಿಳಿಸಿದೆ. ಸ್ಪೋರ್ಟ್ ಕ್ರೋನೋ ಎಂಬ ಹೆಚ್ಚುವರಿ ಸಲಕರಣೆಯಿದ್ದರೆ 4.7 ಸೆಕೆಂಡು. ಪಿ.ಡಿ.ಕೆ. ಇರುವ ಗಾಡಿ ಮೂವತ್ತು ಕಿಲೋ ಹೆಚ್ಚು ತೂಗುತ್ತದೆ. ಆದರೂ ಅದೇ ಮುಂದು. ಆದ್ದರಿಂದ ಅಳಿಯನಿಗೆ ನಾನು ಮೊದಲು ಹೇಳಿದ ಮಾತು ಇದು: "ವೇಗಕ್ಕಾಗಿ ಕೈಗೇರು ಬೇಕೆಂದು ಮಾತ್ರ ಹೇಳಬೇಡ. ಆ ವಾದ ಮುಗಿದುಹೋಗಿದೆ."

ಹಾಗಾದರೆ ಕೈಗೇರಿಗೆ ಉಳಿದ ಸಮರ್ಥನೆ ಯಾವುದು? ಪೋರ್ಶೆಯವರದೇ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. 2013ರಲ್ಲಿ ಅವರು ತಮ್ಮ 911 ಜಿ.ಟಿ.3 ಕಾರನ್ನು ಪಿ.ಡಿ.ಕೆ.ಯಲ್ಲಿ ಮಾತ್ರ ಮಾರಾಟಕ್ಕೆ ಇಟ್ಟರು. ಕಾರು ವೇಗದಲ್ಲಿ ಹಿಂದಿನದನ್ನು ಮೀರಿಸಿತು. ಆದರೂ ಬಹಳ ಮಂದಿ ಅಭಿಮಾನಿಗಳು ಮುಖ ಸಣ್ಣದು ಮಾಡಿಕೊಂಡರು. 2016ರಲ್ಲಿ 911 ಆರ್ ಎಂಬ ಕಾರು ಕೈಗೇರಿನಲ್ಲಿ ಮಾತ್ರ ಬಂದಿತು. ತಯಾರಾದದ್ದು 991 ಗಾಡಿಗಳು. ಅವಕ್ಕಾಗಿ ಜನ ಮುಗಿಬಿದ್ದರು. 2017ರಲ್ಲಿ ಜಿ.ಟಿ.3 ಕಾರಿಗೂ ಕೈಗೇರಿನ ಆಯ್ಕೆ ಮರಳಿತು. ಅವರಿಗೆ ಬೇಕಾಗಿದ್ದುದು ಸೆಕೆಂಡಿನ ಭಾಗವಲ್ಲ, ತಮಗೊಂದು ಕೆಲಸ. ತಿರುವು ಬರುವ ಮೊದಲೇ ಯೋಚಿಸಿ, ಎಂಜಿನ್ನಿನ ದನಿ ಕೇಳಿ, ಕಾಲು ಕೈಗಳನ್ನು ಒಂದೇ ತಾಳಕ್ಕೆ ಹೊಂದಿಸಿ ಗೇರು ಇಳಿಸಿದಾಗ ಆಗುವ ತೃಪ್ತಿಯನ್ನು ಬೇರೆಯವರು ಮಾಡಿಕೊಟ್ಟರೆ ಸಿಗದು. ಗಣಿತದ ಉತ್ತರವು ಪುಸ್ತಕದ ಕೊನೆಯಲ್ಲಿ ಇದ್ದೇ ಇದೆ. ಆದರೂ ತಾನಾಗಿ ಬಿಡಿಸಿದ ಹುಡುಗನ ಮುಖದ ಕಳೆಯೇ ಬೇರೆ.

ಆದರೆ ಇದನ್ನು ದೊಡ್ಡ ಸದ್ಗುಣವೆಂಬಂತೆ ಹೊಗಳುವವರನ್ನು ಕಂಡರೆ ನನಗೆ ಸಂಕೋಚವಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ಎಡಗಾಲು ಬಾಲ್ಯದ ಪೋಲಿಯೋದಿಂದ ಬಲಗುಂದಿದೆ. ಕ್ಲಚ್ಚು ತುಳಿಯುವುದು ಅವರಿಂದಾಗದು. 2014ರಲ್ಲಿ ಮಾರುತಿಯವರ ಸೆಲೇರಿಯೋ ಕಾರಿನೊಡನೆ ಎ.ಎಂ.ಟಿ. ಎಂಬ ಅಗ್ಗದ ಸ್ವಯಂಚಾಲಿತ ವ್ಯವಸ್ಥೆ ಭಾರತಕ್ಕೆ ಬಂದ ಬಳಿಕ ಅವರು ಅಂಥದೊಂದು ಕಾರು ಕೊಂಡರು. ಅಲ್ಲಿಯ ತನಕ ಮಳೆಗಾಲದಲ್ಲಿಯೂ ಬಸ್ಸಿಗಾಗಿ ಕಾಯುತ್ತಿದ್ದವರು ಈಗ ತಾವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗಿಬರುತ್ತಾರೆ. ಅವರ ಮುಂದೆ ನಿಂತು 'ಕ್ಲಚ್ಚಿಲ್ಲದ್ದು ಚಾಲನೆಯೇ ಅಲ್ಲ' ಎನ್ನುವ ಧೈರ್ಯ ಯಾರಿಗಿದೆ?

ಇಷ್ಟನ್ನೆಲ್ಲ ಕೇಳಿದ ಅಳಿಯನು, "ಸರಿ ಮಾವ, ಹಾಗಾದರೆ ಕೈಗೇರನ್ನೇ ತೆಗೆದುಕೊಳ್ಳುತ್ತೇನೆ" ಎಂದನು. ಅವನ ಮನಸ್ಸು ಮೊದಲಿನಿಂದಲೂ ಅತ್ತಲೇ ಇತ್ತು. ಅವನಿಗೆ ಬೇಕಾಗಿದ್ದುದು ನನ್ನ ಮುದ್ರೆ. ಆಗ ಅವನ ಮಡದಿ ಫೋನು ತೆಗೆದುಕೊಂಡಳು. ಅವಳು ಚಾಲನೆ ಕಲಿತದ್ದೂ ಪರೀಕ್ಷೆ ಕೊಟ್ಟದ್ದೂ ಜರ್ಮನಿಯಲ್ಲಿ, ಆಟೋಮ್ಯಾಟಿಕ್ ಕಾರಿನಲ್ಲಿ. ಅಲ್ಲಿ ಹಾಗೆ ಲೈಸೆನ್ಸು ಪಡೆದವರ ಚೀಟಿಯಲ್ಲಿ 78 ಎಂಬ ಸಂಕೇತವಿರುತ್ತದೆ. ಅದಿದ್ದವರು ಕ್ಲಚ್ಚಿನ ಕಾರನ್ನು ಓಡಿಸುವಂತಿಲ್ಲ. "ಮಾವ, ಹಣ ಕೂಡಿಟ್ಟವರು ಇಬ್ಬರು. ಆ ಕಾರು ಬಂದರೆ ಇವರು ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅಷ್ಟೇ ತಾನೇ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆದುದರಿಂದಲೇ ಆ ಮಾತು ನನ್ನನ್ನು ಹೆಚ್ಚು ತಟ್ಟಿತು.

ಸೆಕೆಂಡಿನ ಲೆಕ್ಕಗಳೆಲ್ಲ ಆ ಒಂದು ಮಾತಿನ ಮುಂದೆ ಸಣ್ಣವಾದವು. ಇಬ್ಬರ ದುಡಿಮೆಯಿಂದ ಬರುವ ವಸ್ತುವಿನ ಬೀಗದಕೈ ಒಬ್ಬರ ಜೇಬಿನಲ್ಲಿ ಮಾತ್ರ ಉಳಿಯುವುದಾದರೆ ಅದು ಒಳ್ಳೆಯ ಆಯ್ಕೆಯಲ್ಲ. ನಾನು ಅವಳಿಗೆ ಒಂದೇ ಪ್ರಶ್ನೆ ಕೇಳಿದೆನು: "ನಿನಗೆ ಅದು ಬೇಡವೋ, ಅಥವಾ ಬರುವುದಿಲ್ಲವೋ?" ತುಸು ಹೊತ್ತು ಸುಮ್ಮನಿದ್ದು, "ಬರುವುದಿಲ್ಲ. ಬೇಕೋ ಬೇಡವೋ ಎಂದು ತಿಳಿಯಲು ಬಂದರಲ್ಲವೇ ಮಾವ?" ಎಂದಳು. ಶಿಕ್ಷಕರ ತರಬೇತಿಯಲ್ಲಿ ಎಷ್ಟೋ ಪಾಠಗಳನ್ನು ಕೇಳಿದ್ದೇನೆ. ಕಲಿಕೆಯ ಅಗತ್ಯವನ್ನು ಇಷ್ಟು ಚೆನ್ನಾಗಿ ಹೇಳಿದವರು ಕಡಿಮೆ.

ಜರ್ಮನಿಯಲ್ಲಿ 2021ರ ಏಪ್ರಿಲಿನಿಂದ ಇದಕ್ಕೊಂದು ದಾರಿಯಿದೆ. ಡ್ರೈವಿಂಗ್ ಶಾಲೆಯಲ್ಲಿ ಕೈಗೇರಿನ ಕಾರಿನ ಹತ್ತು ಪಾಠಗಳನ್ನು ಮುಗಿಸಿ, ಅಲ್ಲಿಯೇ ಹದಿನೈದು ನಿಮಿಷ ಓಡಿಸಿ ತೋರಿಸಿದರೆ ಆ ನಿರ್ಬಂಧ ಹೋಗುತ್ತದೆ. ಒಂದೊಂದು ಪಾಠವೂ ನಲವತ್ತೈದು ನಿಮಿಷದ್ದು. ನಮ್ಮ ಶಾಲೆಯ ಪೀರಿಯಡ್ಡಿನಷ್ಟೇ! ಅಲ್ಲಿ ಗಂಡನು ಹೆಂಡತಿಗೆ ರಸ್ತೆಯಲ್ಲಿ ಕಲಿಸುವಂತಿಲ್ಲ. ಸಂಸಾರಗಳ ಶಾಂತಿಯ ದೃಷ್ಟಿಯಿಂದ ಅದು ವಿವೇಕದ ಕಾನೂನು. ಅವಳು ಕಲಿತು, ತಾನೇ ತೀರ್ಮಾನ ಹೇಳುವ ತನಕ ಯಾವ ಕಾರನ್ನೂ ಕೊಳ್ಳಬಾರದೆಂದು ನಾವು ಮೂವರೂ ಒಪ್ಪಿದೆವು. ಆ ಅವಧಿಯಲ್ಲಿ ಅಳಿಯನು ಮೆಚ್ಚಿದ್ದ ಕೈಗೇರಿನ ಕಾರು ಬೇರೊಬ್ಬರ ಪಾಲಾಯಿತು. ಅವನು ಎರಡು ದಿನ ಸಪ್ಪಗಿದ್ದನಂತೆ; ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಸ್ಟುಟ್‌ಗಾರ್ಟ್ ತಗ್ಗಿನಲ್ಲಿರುವ ನಗರ. ಸುತ್ತಲೂ ಕಡಿದಾದ ಏರುಗಳು. ಮೂರನೆಯ ಪಾಠದಲ್ಲಿ ಏರಿನ ಮೇಲೆ ಕಾರು ನಾಲ್ಕು ಸಲ ನಿಂತುಹೋಯಿತೆಂದು ಅವಳು ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ ನಮ್ಮ ಮುಳ್ಳೇರಿಯದ ದಾರಿಯಲ್ಲಿ ಅವಳ ಗಂಡನು ಎಷ್ಟು ಸಲ ನಿಲ್ಲಿಸಿದ್ದನೆಂಬ ಲೆಕ್ಕವನ್ನು ನಾನು ಒಪ್ಪಿಸಿದೆನು. ಅವನು ಜರ್ಮನಿಗೆ ಹೋದ ಹೊಸತರಲ್ಲಿ ಗೇರು ಬಲಗಡೆಗೆ ಬಂದುದರಿಂದ, ಎಡಗೈಯಿಂದ ಬಾಗಿಲನ್ನೇ ತಡವುತ್ತಿದ್ದನೆಂಬುದನ್ನೂ ಸೇರಿಸಿದೆನು. ಏಳನೆಯ ಪಾಠದ ಬಳಿಕ ಅವಳ ಮಾತು ಬದಲಾಗಿತ್ತು. "ಈಗ ಮೀಟರು ನೋಡುವುದೇ ಬೇಡ ಮಾವ, ಕಿವಿಯೇ ಹೇಳುತ್ತದೆ" ಎಂದಳು. ಕಲಿತದ್ದು ಮೈಗೂಡಿತೆಂದರೆ ಇದೇ.

ಹತ್ತೂ ಪಾಠಗಳು ಮುಗಿದು ಲೈಸೆನ್ಸಿನ ನಿರ್ಬಂಧ ತೆರವಾದ ಮೇಲೆ ಅವಳು ಕೊಟ್ಟ ತೀರ್ಪು ಹೀಗಿತ್ತು: ಬೆಳಗಿನ ದಟ್ಟಣೆಯಲ್ಲಿ ಆಫೀಸಿಗೆ ಹೋಗಲು ತನಗೆ ಆಟೋಮ್ಯಾಟಿಕ್ ಕಾರೇ ಬೇಕು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಸಂತೋಷಕ್ಕೆಂದೇ ತರುವ ಕಾರಿನಲ್ಲಿ ಸಂತೋಷದ ಅರ್ಧವನ್ನು ಯಂತ್ರಕ್ಕೆ ಕೊಡುವುದೇಕೆ? ಅದಕ್ಕೆ ಕ್ಲಚ್ಚು ಇರಲಿ. ಒಂದೆರಡು ತಿಂಗಳು ಹುಡುಕಿ ಅವರು ಬೇರೊಂದು ಕೈಗೇರಿನ ಕೇಮನ್ ಕೊಂಡರು. ಬೀಗದಕೈಗಳು ಎರಡು.

ಇಂಥ ಆಯ್ಕೆ ಮುಂದಿನ ತಲೆಮಾರಿಗೆ ಸಿಗುವುದೋ ಇಲ್ಲವೋ. ವಿದ್ಯುತ್ ಕಾರುಗಳಲ್ಲಿ ಬಹುತೇಕ ಒಂದೇ ಗೇರು. ಬದಲಿಸುವ ಪ್ರಶ್ನೆಯೇ ಇಲ್ಲ. ಹ್ಯೂಂಡೈಯವರು 2023ರಲ್ಲಿ ತಂದ ಅಯಾನಿಕ್ 5 ಎನ್ ಎಂಬ ವಿದ್ಯುತ್ ಕಾರಿನಲ್ಲಿ, ಇಲ್ಲದ ಗೇರುಗಳು ಬದಲಾದಂತೆ ಸದ್ದನ್ನೂ ಜಗ್ಗನ್ನೂ ಬೇಕೆಂದೇ ಹುಟ್ಟಿಸುವ ಏರ್ಪಾಡಿದೆ. ನಕಲಾದರೂ ಸರಿ, ಕೈಗೊಂದು ಕೆಲಸ ಬೇಕೆಂಬ ಹಂಬಲ ಮನುಷ್ಯನಿಗೆ ಎಷ್ಟಿದೆಯೆಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಓದುಗರ ಮನೆಗಳಲ್ಲಿ ಪೋರ್ಶೆಯ ಪ್ರಶ್ನೆ ಏಳದಿದ್ದರೂ ಗೇರಿನ ಪ್ರಶ್ನೆ ಏಳದಿರದು. ಆಗ ವೇಗದ ಮಾತನ್ನು ಬದಿಗಿಟ್ಟು ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಿರಿ: ಗಾಡಿ ದಿನದ ದುಡಿಮೆಗೋ ವಿರಾಮದ ಸಂತೋಷಕ್ಕೋ, ಓಡಿಸುವವರ ಕಾಲು ಸೊಂಟಗಳು ಏನೆನ್ನುತ್ತವೆ, ಮನೆಯಲ್ಲಿ ಯಾರು ಯಾರು ಓಡಿಸಬೇಕಾಗಿದೆ. ಯಂತ್ರ ಬಲ್ಲುದೆಂದು ಕೈ ಮರೆಯಬೇಕಾಗಿಲ್ಲ. ಕೈ ಬಲ್ಲುದೆಂದು ಯಂತ್ರವನ್ನು ಹಳಿಯಬೇಕಾಗಿಯೂ ಇಲ್ಲ. ಎರಡನ್ನೂ ಬಲ್ಲವರು ಮಾಡಿದ್ದು ಮಾತ್ರ ಆಯ್ಕೆ. ಒಂದನ್ನೇ ಬಲ್ಲವರಿಗೆ ಇರುವುದು ಅಭ್ಯಾಸವಷ್ಟೇ.