ಹುಳಕ್ಕೆ ಅಳತೆಯ ಅಡುಗೆ

ಈಗ ಮೈಮೇಲಿರುವ ನನ್ನ ಹತ್ತಿ ಅಂಗಿಯ ವಂಶಾವಳಿ ಕೆದಕುತ್ತ ಹೋದರೆ ಕೊನೆಗೆ ಸಿಗುವುದು ಒಂದು ಬ್ಯಾಕ್ಟೀರಿಯ. 1901ರಲ್ಲಿ ಜಪಾನಿನ ಇಶಿವಾತ ಅದನ್ನು ಕಂಡದ್ದು, ನಮಗೆಲ್ಲ ಪ್ರಿಯವಾದ ರೇಷ್ಮೆಹುಳವನ್ನು ಕೊಂದ ಪಾತಕಿಯಾಗಿ. 1981ರಲ್ಲಿ ಸಿಯಾಟಲ್‌ನ ಶ್ನೆಫ್ ಮತ್ತು ವೈಟ್ಲಿ ಅದರ ವಿಷಪ್ರೋಟೀನಿನ ಜೀನನ್ನು ಇ. ಕೋಲಿಗೆ ಸೇರಿಸಿ ಅಲ್ಲೇ ಪ್ರೋಟೀನು ಮಾಡಿಸಿದರು. ಅದೇ ವಂಶದ ಜೀನು 2002ರಲ್ಲಿ ಬಿಟಿ ಹತ್ತಿಯಾಗಿ ಅಧಿಕೃತವಾಗಿ ನಮ್ಮ ಹೊಲಕ್ಕೆ ಬಂತು. ಅದಕ್ಕೂ ಮೊದಲೇ, 1998ರಲ್ಲಿ, ರೈತ ಸಂಘದವರು ರಾಯಚೂರು ಸೀಮೆಯಲ್ಲಿ ಪ್ರಯೋಗದ ಬೆಳೆ ಕಿತ್ತು ಸುಟ್ಟಿದ್ದರು. ಇಂದು ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಬಿಟಿ ಅಲ್ಲದ ಹತ್ತಿ ಹುಡುಕುವುದೇ ಕಷ್ಟ. ಗುಲಾಬಿ ಕಾಯಿಕೊರಕ ಮಾತ್ರ ಹೋಗಿಲ್ಲ. ದಳ ಬಿಚ್ಚದೆ ಮುರುಟಿಕೊಂಡ ಹೂವನ್ನು ಬಿಡಿಸಿ ನೋಡಿ, ನೂಲಿನಿಂದ ದಳಗಳನ್ನು ಹೆಣೆದುಕೊಂಡ ಮರಿಹುಳ ಒಳಗೇ ಕೂತಿರುತ್ತದೆ.

ಹುಳ ಗಟ್ಟಿಯಾಯಿತೋ, ಗಿಡದ ವಿಷ ಕಡಿಮೆಯಾಯಿತೋ? ತಿಳಿಯಬೇಕಾದರೆ ಪ್ರೋಟೀನನ್ನು ಅಳತೆ ಮಾಡಿ ಮೇವಿಗೆ ಬೆರೆಸಿ ಹುಳಕ್ಕೆ ಉಣಿಸಬೇಕು. ಆ ಅಡುಗೆಗೆ ಯಾದಗಿರಿ ಜಿಲ್ಲೆಗೆ ಬೇಕಿರುವುದು ದೊಡ್ಡ ಟ್ಯಾಂಕಲ್ಲ, ಆ ಜೀನಿನ ಇ. ಕೋಲಿಯನ್ನು ಬೆಳೆಸುವ, ಒಟ್ಟಿಗೆ ನಡೆಯುವ ಸಣ್ಣ ರಿಯಾಕ್ಟರುಗಳ ಒಂದು ಸಾಲು ಎಂಬುದು ನನ್ನ ವಾದ. ಒಂದೊಂದರಲ್ಲಿ 15ರಿಂದ 250 ಮಿಲಿಲೀಟರ್. ಒಂದೊಂದಕ್ಕೂ ಬೇರೆ ಉಷ್ಣತೆ, ಬೇರೆ ಗಾಳಿ, ಬೇರೆ ಆಮ್ಲದ ಹಿಡಿತ. ಶಹಾಪುರದ ಪಕ್ಕದ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ಒಂದು ಮೇಜಿನ ಮೇಲೆ ಹಿಡಿಸುವಷ್ಟು. ಗಾಜಿನ ಫ್ಲಾಸ್ಕು ಸಾಲದೇ ಎನ್ನುವವರಿದ್ದಾರೆ. 37 ಡಿಗ್ರಿಯಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಫ್ಲಾಸ್ಕಿನಲ್ಲಿ ಉಸಿರು ಸಾಲದೆ ಅಸಿಟಿಕ್ ಆಮ್ಲ ಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಈ ವಾರದ ಪ್ರೋಟೀನು ಚುರುಕು, ಮುಂದಿನ ವಾರದ್ದು ಸಪ್ಪೆ. ಸಪ್ಪೆಯದನ್ನು ತಿಂದು ಬದುಕಿದ ಬಡಪಾಯಿ ಹುಳಕ್ಕೆ ಪೈಲ್ವಾನನ ಪಟ್ಟ! ಈ ಪ್ರೋಟೀನು ಉಂಡೆಗಟ್ಟಿದರೆ ಗಾಬರಿಯಿಲ್ಲ, ಮೂಲ ಬ್ಯಾಕ್ಟೀರಿಯದಲ್ಲೂ ಅದು ಹರಳೇ. ಹುಳದ ಕ್ಷಾರ ಕರುಳಿನಂಥ ದ್ರಾವಣದಲ್ಲಿ ಕರಗುತ್ತದೆ. ಆದರೆ ಪ್ರತಿಸಲವೂ ಒಂದೇ ಹದದಲ್ಲಿ ಸಿಗಬೇಕು.

ಇದಕ್ಕಿಂತ ಮೋಹಕ ಬಲೆಯೇ ಅಗ್ಗವಲ್ಲವೇ? ಹೌದು. ಬಲೆಗೆ ರಾತ್ರಿಗೆ 8ರಂತೆ ಸತತ ಮೂರು ರಾತ್ರಿ ಪತಂಗ ಬಿದ್ದರೆ ಔಷಧಿ ಹೊಡೆಯಬೇಕೆಂಬ ಲೆಕ್ಕದಲ್ಲಿ ನಾನು ರೈತನ ಪರ, ಬಲೆಯ ಪರ. ಆದರೆ ಬಲೆ ತಲೆ ಎಣಿಸುತ್ತದೆ, ತಾಕತ್ತನ್ನಲ್ಲ. ಪ್ರೋಟೀನನ್ನು ಬೆಂಗಳೂರಿನಿಂದಲೇ ತರಿಸಬಹುದಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. ಒಂದೇ ಪ್ರೋಟೀನಾದರೆ ತರಿಸಿದರಾಯಿತು. ಆದರೆ ತುದಿಯ ತುಣುಕು ಕತ್ತರಿಸಿ ಮಾರ್ಪಡಿಸಿದ ಪ್ರೋಟೀನು ವಿಷಕ್ಕೆ ಪಳಗಿದ ಗುಲಾಬಿ ಹುಳವನ್ನೂ ಕೊಂದದ್ದು 2007ರಲ್ಲೇ ವರದಿಯಾಗಿದೆ. ಅಂಥ ಎಂಟು ರೂಪಗಳನ್ನು ಒಂದೇ ರಾತ್ರಿ, ಒಂದೇ ಹದದಲ್ಲಿ ಬೆಳೆಸಿ ಹೋಲಿಸುವುದು ಹುಳ ಇರುವ ಊರಿನಲ್ಲೇ ಸಲೀಸು. ಸುದ್ದಿ ತಡವಾಗುವುದೂ ಉಂಟು: ಗುಜರಾತಿನ ಹುಳ ಮೊದಲ ಬಿಟಿ ಪ್ರೋಟೀನನ್ನು ಅರಗಿಸಿಕೊಂಡಿದೆ ಎಂಬ ಸುದ್ದಿ ಹೊರಬಿದ್ದದ್ದು 2010ರಲ್ಲಿ. ಎರಡು ಪ್ರೋಟೀನಿನ ಬೀಜ ಅಷ್ಟರಲ್ಲಿ ಪೇಟೆಗೆ ಬಂದು ನಾಲ್ಕು ವರ್ಷವಾಗಿತ್ತು. ಕರೆಂಟು ಹೋದರೆ ಎಂಬ ಆಕ್ಷೇಪಕ್ಕೆ ಯುಪಿಎಸ್ ಉಂಟು. ಸುರಪುರದ ಕಾಯಿಗಳಲ್ಲಿ ಹುಳ ತುಂಬುವುದು ಬೆಳೆಯ ಕೊನೆಗೆ, ಚಳಿಗಾಲದಲ್ಲಿ. ಪ್ರೋಟೀನು ಆಗ ಕೈಯಲ್ಲಿರಬೇಕು, ಹತ್ತಿಕಟ್ಟಿಗೆ ಒಲೆಗೆ ಹೋದ ಮೇಲಲ್ಲ.