ಎಂಬತ್ತನೇ ಮಹಡಿಯಲ್ಲಿ ಕೊನೆಗೌಡರು

2017ರ ಮಾತು. ನಮ್ಮೂರ ಕೊನೆಗೌಡರು ಮೊಮ್ಮಗನ ನಾಮಕರಣಕ್ಕೆಂದು ಬೆಂಗಳೂರಿಗೆ ಬಂದಿದ್ದರು. ಊಟ ಮುಗಿದ ಮಾರನೇ ದಿನದಿಂದಲೇ ಅವರಿಗೆ ಬೇಜಾರು. ಲಾಲ್‌ಬಾಗ್ ತೋರಿಸಿದರೆ, "ತೋಟ ಬಿಟ್ಟು ಬಂದು ತೋಟ ನೋಡೂದಾ ಹೆಗಡೇರೆ?" ಅಂದರು. ಅಕ್ಕನ ಮಗ ಓದುತ್ತಿದ್ದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ವಾರ ಲ್ಯಾಬುಗಳನ್ನು ಊರವರಿಗೆಲ್ಲ ತೆರೆದಿಟ್ಟಿದ್ದರು. ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟು, ಹಾಕಿಕೊಂಡು ನೋಡಬಹುದು ಅಂತ ಅವನು ಹೇಳಿದ್ದೇ ನೆಪವಾಯಿತು, ಗೌಡರನ್ನೂ ಹೊರಡಿಸಿದೆ.

ಕೊನೆಗೌಡ ಅಂದರೆ, ಶಿರಸಿ ಕಡೆಯವರಿಗೆ ಹೇಳಬೇಕಿಲ್ಲ, ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಕಾಲಿಗೆ ತಳೆ ಹಾಕಿ ಒಂದು ಮರ ಏರಿದರೆ ಮತ್ತೆ ನೆಲ ಮುಟ್ಟುವ ಮಾತಿಲ್ಲ. ತಾವಿರುವ ಮರವನ್ನು ಮೈಭಾರದಿಂದ ತೂಗಿಸಿ, ಪಕ್ಕದ ಮರವನ್ನು ಹಿಡಿದೆಳೆದು, ಮೇಲಿಂದ ಮೇಲೇ ದಾಟಿಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲಿಕ್ಕೂ ಅವರೇ ಬೇಕು, ಅದೂ ಮರಕ್ಕೆ ಪಾಚಿ ಹಿಡಿದು ಜಾರುವ ಹೊತ್ತಿನಲ್ಲಿ. ಗೌಡರಿಗೆ ಆಗ ಅರವತ್ತು ದಾಟಿತ್ತು. ಹತ್ತುವುದನ್ನು ಬಿಟ್ಟಿರಲಿಲ್ಲ.

ಲ್ಯಾಬು ಅಂದರೆ ಮೇಜು ಕುರ್ಚಿ ಎಲ್ಲ ಎತ್ತಿಟ್ಟ ಖಾಲಿ ಕೋಣೆ. ಎದುರುಬದುರು ಮೂಲೆಗಳಲ್ಲಿ, ಎತ್ತರದಲ್ಲಿ, ಎರಡು ಕಪ್ಪು ಡಬ್ಬಿಗಳು. ಅವು ಕಣ್ಣಿಗೆ ಕಾಣದ ಲೇಸರ್ ಬೀಸುತ್ತಿರುತ್ತವೆ. ಅದು ತನಗೆ ಯಾವ ಗಳಿಗೆಗೆ ತಾಗಿತು ಅನ್ನುವ ಲೆಕ್ಕದಿಂದ ಹೆಡ್‌ಸೆಟ್ಟು ತಾನು ಕೋಣೆಯ ಯಾವ ಜಾಗದಲ್ಲಿದ್ದೇನೆಂದು ಗುರುತಿಸಿಕೊಳ್ಳುತ್ತದೆ. ಎಚ್‌ಟಿಸಿ ವೈವ್ ಅಂತ ಅದರ ಹೆಸರು. ಎರಡು ಕಣ್ಣಿಗೆ ಎರಡು ಪರದೆ, ಸೆಕೆಂಡಿಗೆ 90 ಚಿತ್ರ. ಚಿತ್ರ ಒಂಚೂರು ತಡವಾದರೂ ಕಣ್ಣು ಹೇಳುವುದಕ್ಕೂ ಒಳಕಿವಿ ಹೇಳುವುದಕ್ಕೂ ತಾಳ ತಪ್ಪಿ ಹೊಟ್ಟೆ ತೊಳಸುತ್ತದೆ. ಹಿಂದಿನಿಂದ ಉದ್ದದ ಕೇಬಲ್ಲು, ಅದನ್ನು ಎತ್ತಿ ಹಿಡಿಯಲಿಕ್ಕೆಂದೇ ಒಬ್ಬ ಹುಡುಗ. 1968ರಲ್ಲಿ ಅಮೆರಿಕದ ಐವನ್ ಸದರ್‌ಲೆಂಡ್ ಮಾಡಿದ ಯಂತ್ರವನ್ನು ಛಾವಣಿಗೇ ತೂಗುಹಾಕಿ, ಅದರಡಿಗೆ ತಲೆ ಕೊಡಬೇಕಿತ್ತಂತೆ. ಅದನ್ನು ಕೇಳಿದ ಮೇಲೆ ಕೇಬಲ್ ಹುಡುಗನ ಮೇಲೆ ಕನಿಕರ ಕಡಿಮೆಯಾಯಿತು.

ಆಡಿಸುತ್ತಿದ್ದದ್ದು ಆಸ್ಟ್ರೇಲಿಯಾದವರು ಹಿಂದಿನ ವರ್ಷ ಹೊರತಂದಿದ್ದ 'ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್'. ಲಿಫ್ಟಿನಲ್ಲಿ ಎಂಬತ್ತನೇ ಮಹಡಿಗೆ ಹೋಗುತ್ತೀರಿ. ಬಾಗಿಲು ತೆರೆದರೆ ಎದುರಿಗೆ ಬಯಲು, ಬಯಲಿಗೆ ಚಾಚಿದ ಒಂದೇ ಒಂದು ಹಲಗೆ. ಹುಡುಗರು ಜಾಣರು, ಕೋಣೆಯ ನೆಲದ ಮೇಲೂ ಸರಿಯಾಗಿ ಅದೇ ಜಾಗಕ್ಕೆ ನಿಜವಾದ ಹಲಗೆ ಇಟ್ಟಿದ್ದರು. ನಾನು ಹೋದೆ. ಕಾಲಡಿ ಗ್ರಾನೈಟ್ ನೆಲ ಎಂದು ಬುದ್ಧಿಗೆ ಚೆನ್ನಾಗಿ ಗೊತ್ತು, ಆದರೂ ಮೊಣಕಾಲು ಒಪ್ಪಲಿಲ್ಲ. ಅರ್ಧಕ್ಕೇ ವಾಪಸ್. ನನ್ನ ಮುಂದೆ ಹೋಗಿದ್ದ ಒಬ್ಬ ದಪ್ಪ ಮೀಸೆಯವರು ಲಿಫ್ಟಿನಿಂದ ಹೊರಗೇ ಬಂದಿರಲಿಲ್ಲ, ಅಷ್ಟು ಸಮಾಧಾನ.

ಗೌಡರು ಚಪ್ಪಲಿ ಕಳಚಿಟ್ಟರು. ಹೆಡ್‌ಸೆಟ್ಟಿನ ಪಟ್ಟಿ ಬಿಗಿದರು. ಲಿಫ್ಟಿನ ಬಾಗಿಲು ತೆರೆದಾಗ ಬಲಗಾಲಿನ ಹೆಬ್ಬೆರಳಿನಿಂದ ಹಲಗೆಯ ಅಂಚನ್ನು ಸವರಿ ನೋಡಿದರು, ಆಮೇಲೆ ಪಾದವನ್ನು ಸ್ವಲ್ಪ ಓರೆಯಿಟ್ಟು ಸೀದಾ ತುದಿಗೆ ನಡೆದರು. ನಡೆದವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಳಗೆ ಬಗ್ಗಿ ನೋಡತೊಡಗಿದರು. ಹುಡುಗರಿಗೆ ಮಾತೇ ಹೊರಡಲಿಲ್ಲ.

"ಹೆದರಿಕೆ ಆಗ್ತಿಲ್ವಾ ಗೌಡ್ರೆ?"

"ಎಂತಕ್ಕೆ? ಗಾಳಿ ಸದ್ದು ಅದೆ, ಗಾಳೀನೇ ಇಲ್ಲ. ಹಲಗೆ ತೂಗೂದೂ ಇಲ್ಲ. ಇಷ್ಟು ಎತ್ತರದಾಗೆ ತೂಗದೇ ಇರ್ತದಾ?"

ಅಕ್ಕನ ಮಗನಿಗೆ ಇದು ತಾಗಿತು. ಮೂಲೆಯಲ್ಲಿದ್ದ ಸ್ಟ್ಯಾಂಡ್ ಫ್ಯಾನನ್ನು ಸದ್ದಿಲ್ಲದೆ ಎಳೆದು ತಂದು ಗೌಡರ ಎಡಮಗ್ಗುಲಿಗೆ ತಿರುಗಿಸಿ ಗುಂಡಿ ಒತ್ತಿದ. ಅಂಗಿಯ ತುದಿ ಹಾರಿತು. ಗೌಡರ ನಗು ನಿಂತೇ ಹೋಯಿತು. ಎರಡು ಕೈಯೂ ಮುಂದೆ ಬಂದವು, ಕಾಂಡವನ್ನು ತಬ್ಬುವ ಹಾಗೆ. ತಬ್ಬಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಗಾಳಿಯಲ್ಲಿ ತಡಕಾಡಿದವು. "ಹೆಗಡೇರೆ, ಸಾಕು, ಗಾಳಿ ಎದ್ದದೆ," ಅಂದರು. ದನಿ ಬೇರೆಯೇ ಆಗಿತ್ತು. ಹಲಗೆ ಬಿಟ್ಟು ಪಕ್ಕಕ್ಕೆ ಕಾಲಿಟ್ಟರೆ ನೆಲವೇ ಇತ್ತಲ್ಲ, ಕಾಲೇಜು ಹುಡುಗರೆಲ್ಲ ಹಾಗೇ ಕೇಕೆ ಹಾಕಿ ಜಿಗಿಯುತ್ತಿದ್ದರು. ಗೌಡರು ಜಿಗಿಯಲಿಲ್ಲ. ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ, ಲಿಫ್ಟಿನವರೆಗೆ ಬಂದರು. ಫ್ಯಾನು ನಿಲ್ಲಿಸಿ ಅಂತ ನಾನು ಗದರಿದ ಮೇಲೆಯೇ ಅಕ್ಕನ ಮಗನಿಗೆ ಎಚ್ಚರ.

ಪಕ್ಕದ ಕೋಣೆಯ ಮೇಜಿನಲ್ಲಿ ಎಆರ್, ಅಂದರೆ ಆಗ್ಮೆಂಟೆಡ್ ರಿಯಾಲಿಟಿ, ಇತ್ತು. ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಹಾಕಿದರೆ ಕೋಣೆ ಕೋಣೆಯಾಗಿಯೇ ಕಾಣುತ್ತದೆ, ಮೇಜಿನ ಮೇಲೆ ಮಾತ್ರ ಮನುಷ್ಯನ ಹೃದಯ ತೇಲುತ್ತದೆ. ಚಿತ್ರ ಮೂಡುವ ಚೌಕ ಚಿಕ್ಕದು. ತುಸು ಮುಖ ತಿರುಗಿಸಿದರೂ ಹೃದಯ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. ಗೌಡರಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವರು ವಿಚಾರಿಸಿದ್ದು ಹಲಗೆಯದರ ಬೆಲೆ. ಕಂಪ್ಯೂಟರು ಬಿಟ್ಟು ತೊಂಬತ್ತು ಸಾವಿರದ ಮೇಲೆ ಎಂದ ಹುಡುಗ.

"ಎರಡು ಕ್ವಿಂಟಲ್ ರಾಶಿ ಅಡಿಕೆ ಹೋತು," ಎಂದು ಲೆಕ್ಕ ಹಾಕಿದರು. ಆಮೇಲೆ, ಈಗಿನ ಹುಡುಗರು ಮರ ಹತ್ತಲಿಕ್ಕೆ ಬರುವುದಿಲ್ಲವಲ್ಲ, ಇದರಲ್ಲಿ ಕಲಿಸಲಿಕ್ಕೆ ಆಗುತ್ತದಾ ಅಂತ ಅವನನ್ನೇ ಕೇಳಿದರು. ಮರ ತೂಗುವುದನ್ನು ಹೇಗೆ ಮಾಡುವುದು ಸಾರ್ ಎಂದು ಅವನು ತಿರುಗಿ ಕೇಳಿದ. ಇಬ್ಬರೂ ಚಹದ ಲೋಟ ಹಿಡಿದು ತುಂಬ ಹೊತ್ತು ಮಾತಾಡಿದರು. ಗೌಡರು ಎದ್ದು ನಿಂತು ಸೊಂಟ ತೂಗಿ ತೋರಿಸುತ್ತಿದ್ದರು, ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದ.

ಊರಿಗೆ ಹೋದವರು ಇದನ್ನೆಲ್ಲ ಹೇಗೆ ಹೇಳಿದರೆಂದು ದೀಪಾವಳಿಗೆ ಹೋದಾಗ ತಿಳಿಯಿತು. "ಹೆಗಡೇರು ಬೆಂಗ್ಳೂರಲ್ಲಿ ಎಂಬತ್ತು ಮಾಳಿಗೆ ಹತ್ತಿಸಿದ್ರು. ಕೂಲಿ ಕೇಳಿದ್ರೆ ಒಂದು ಲೋಟ ಚಾ."