ಮಳೆಯ ಲೆಕ್ಕದಲ್ಲೊಂದು ಪಾಠಾಂತರ

ಹುಮನಾಬಾದಿನ ನಮ್ಮ ಮನೆಯಂಗಳದಲ್ಲಿ ಒಂದು ಮಳೆಮಾಪಕವಿರುವುದು. ಉಪಾಧ್ಯಾಯರಾಗಿದ್ದ ಕಾಲದಿಂದಲೂ ದಿನಾಲು ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನಳೆದು ವಹಿಯಲ್ಲಿ ಬರೆದಿಡುವುದು ನಮ್ಮ ವ್ರತ. ಹವಾಮಾನ ಇಲಾಖೆಯವರ ಮಳೆಯ ದಿನವೂ ಆ ಹೊತ್ತಿಗೇ ಮುಗಿಯುವುದಷ್ಟೆ.

ಬಸವಕಲ್ಯಾಣದಲ್ಲಿರುವ ನಮ್ಮ ಸೋದರಳಿಯನು ತನ್ನ ಪ್ರಬಂಧಕ್ಕೆಂದು ಆ ವಹಿಯನ್ನು ಒಯ್ದಿದ್ದನು. ಎಂಟು ದಿನಗಳ ತರುವಾಯ ಬಂದು, "ಮಾಮಾ, 2020ರ ದೊಡ್ಡ ಮಳಿ ನೀವು ಅಕ್ಟೋಬರ್ 14ಕ್ಕ ಬರ್ದೀರಿ. ಇಲಾಖೆ ಲೆಕ್ಕದಾಗ 15ಕ್ಕ ಅದ. ನಿಮ್ದು ಒಂದಿನ ತಪ್ಪ್ಯಾದ" ಎಂದನು. ತೊಗರಿಯ ಹೊಲಗಳು ನೀರಿನಲ್ಲಿ ನಿಂತ ಆ ಬೆಳಗನ್ನು ನಾವು ಮರೆಯುವುದುಂಟೆ? ಆದರೂ ಮನಸ್ಸು ಕುಗ್ಗಿತು. ಒಂದು ದಿನ ತಪ್ಪಿದ್ದರೆ ಉಳಿದ ವರ್ಷಗಳ ಪುಟಗಳನ್ನು ನಂಬುವವರಾರು? ಆತನಾದರೋ ವಹಿಯನ್ನೇ ಪ್ರಬಂಧದಿಂದ ಕೈಬಿಡಲು ನಿಶ್ಚಯಿಸಿದ್ದನು.

ನಾವು ಸಂಸ್ಕೃತ ಓದಿದವರು. ಪುಣೆಯ ಭಾಂಡಾರಕರ ಸಂಶೋಧನ ಸಂಸ್ಥೆಯವರು 1919ರಿಂದ 1966ರವರೆಗೆ ಮಹಾಭಾರತದ ಪಾಠವನ್ನು ಪರಿಷ್ಕರಿಸುವಾಗ ಪ್ರತಿಗೆ ಪ್ರತಿಯನ್ನಿಟ್ಟು ಓದಿದರಲ್ಲದೆ ಒಂದೇ ಪ್ರತಿಯ ಮಾತಿಗೆ ತಲೆದೂಗಲಿಲ್ಲ. ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದ ಕಲ್ಯಾಣದ ಹುಡುಗನಿಗೆ ಇದನ್ನು ಹೇಳಿಕೊಡಬೇಕಾಯಿತಲ್ಲಾ ಎನ್ನಿಸಿತು. "ನೀನು ನೋಡಿದ್ದು ಮೂಲವೋ, ನಕಲೋ?" ಎಂದು ಕೇಳಿದೆವು.

ಇಲಾಖೆಯು ಭಾರತವನ್ನು ಕಾಲು ಅಂಶದ ಚೌಕಗಳಾಗಿ ವಿಭಾಗಿಸಿ, 1901ರಿಂದ ಈಚಿನ ದೈನಿಕ ಮಳೆಯನ್ನು ವರ್ಷಕ್ಕೊಂದು ಕಡತದಂತೆ ಕೊಡುತ್ತದೆ. ಆತನು ಬರಿಯ ಅಂಕೆಗಳ ಕಡತವನ್ನು ತಾನೇ ನೆಟ್‌ಸಿಡಿಎಫ್ ಎಂಬ ರೂಪಕ್ಕೆ ಮಾರ್ಪಡಿಸಿದ್ದನಂತೆ. ಆ ರೂಪದಲ್ಲಿ ಇಲಾಖೆಯ ಪ್ರತಿಯೂ ದೊರೆಯುವುದು. ಎರಡನ್ನೂ ಹೋಲಿಸೆಂದೆವು.

ಗಣಕದ ಕಪ್ಪು ತೆರೆಯ ಮೇಲೆ ಆಜ್ಞೆಯನ್ನು ಬೆರಳಚ್ಚಿಸಿದನು. ಮೊದಲು ಸಿಎಂಪಿ. ಅದು ಬೈಟಿಗೆ ಬೈಟನ್ನಿಟ್ಟು ನೋಡುತ್ತ ಮೊದಲನೆಯ ಭೇದದಲ್ಲೇ ನಿಂತುಬಿಡುವುದು. ಭೇದವಿದ್ದುದು ಕಡತದ ಆರಂಭದಲ್ಲೇ. ತಾಳೆಗರಿಯ ಲಿಪಿಕಾರನು ತನ್ನ ಹೆಸರು, ತಿಥಿಗಳನ್ನು ಬರೆದಂತೆ ಅಲ್ಲಿ ಕಡತ ಸಿದ್ಧವಾದ ವಿವರವಿರುವುದು. ಮಳೆಗೂ ಅದಕ್ಕೂ ಏನು ಸಂಬಂಧ? ಆಮೇಲೆ ಎನ್‌ಸಿಸಿಎಂಪಿ. ಇದು ವಿವೇಕಿ. ಹೆಸರಿಗೆ ಹೆಸರನ್ನು ಹೊಂದಿಸಿ ಅಂಕೆಗಳನ್ನು ನೋಡುವುದು. ಇಷ್ಟರೊಳಗಿನ ಅಂತರವನ್ನು ಗಣಿಸಬೇಡವೆಂದರೆ ಗಣಿಸದು. ಲಿಪಿಕಾರನ ನಕಾರ ಣಕಾರದ ತಪ್ಪುಗಳನ್ನು ಪಾಠಾಂತರವೆನ್ನದ ಸಂಪಾದಕನಂತೆಯೇ ಸರಿ.

ಅದು ಹೇಳಿದುದು ಇಷ್ಟೇ: ದಿನಗಳ ಸಂಖ್ಯೆ ಇಲಾಖೆಯ ಪ್ರತಿಯಲ್ಲಿ 366, ಇವನದರಲ್ಲಿ 365. ಹುಡುಗನು ಅಧಿಕ ದಿನವನ್ನೇ ಮರೆತಿದ್ದನು! ಅಧಿಕ ಮಾಸವನ್ನು ಬಿಟ್ಟ ಪಂಚಾಂಗದಂತೆ, ಫೆಬ್ರುವರಿ 29ರ ಅಂಕೆಯು ಮಾರ್ಚಿ 1ಕ್ಕೆ ಸರಿದು, ಮುಂದಿನದೆಲ್ಲವೂ ಒಂದೊಂದು ದಿನ ತಡವಾಗಿದ್ದಿತು. ಡಿಸೆಂಬರ್ 31ರ ಅಂಕೆಯಂತೂ ಕಡತದಿಂದಲೇ ಹೊರಬಿದ್ದಿದ್ದಿತು. ಬೇಸಗೆಯಲ್ಲಿ ನಮ್ಮ ಸೀಮೆಯ ಅಂಕೆಗಳು ಬಹುತೇಕ ಸೊನ್ನೆ. ಸೊನ್ನೆಯ ಸ್ಥಾನಕ್ಕೆ ಸೊನ್ನೆ ಸರಿದರೆ ಯಾರ ಕಣ್ಣಿಗೆ ಬಿದ್ದೀತು? (ಆ ವರ್ಷ ಅಧಿಕ ಆಶ್ವಯುಜವೂ ಬಂದಿದ್ದಿತೆಂಬುದು ಬೇರೆ ಮಾತು.)

ಆತನು ತಲೆ ತಗ್ಗಿಸಿಯೇ 366 ಎಂದು ತಿದ್ದಿ, ಕಡತವನ್ನು ಮತ್ತೆ ಮಾಡಿ, ಮತ್ತೆ ಹೋಲಿಸಿದನು. ತೆರೆಯ ಮೇಲೆ ಏನೂ ಮೂಡಲಿಲ್ಲ. ಚಹ ತಂದ ನಮ್ಮ ಮನೆಯವರು ಇಣುಕಿ, "ಏನೂ ಬರ್ಲಿಲ್ಲಲ್ಲ, ಕೆಟ್ಟದೇನು?" ಎಂದು ಗಾಬರಿಯಾದರು. ಭೇದವಿಲ್ಲದಿದ್ದರೆ ಈ ಉಪಕರಣವು ಮಾತಾಡುವುದಿಲ್ಲವೆಂದು ಅವರಿಗೆ ತಿಳಿಸಬೇಕಾಯಿತು.

2016, 2024ರ ಕಡತಗಳನ್ನೂ ಹೀಗೆಯೇ ನೋಡಬೇಕೆಂದು ಹೇಳಿ, ಸೋದರಳಿಯನು ನಮ್ಮ ವಹಿಯನ್ನು ಮತ್ತೆ ಚೀಲದಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಹೊರಟನು.